ಮರದ ಅಡುಗೆಕಟ್ಟೆ: ಕರಕಲು ಕೆರೆದು, ತಗಡು ಎತ್ತಿ ಕೂರಿಸಿದ ಕೆಲಸದ ದಾಖಲೆ

ಒಲೆಯ ಸುತ್ತಲಿನ ಮರದ ಕಟ್ಟೆ ರಿಪೇರಿ ಹೆಚ್ಚುಕಡಿಮೆ ಮುಗಿದಿದೆ. ಮಾಡಿದ್ದು, ಮಾಡಲು ಹೋಗಿ ಕೆಟ್ಟದ್ದು, ಬಿಚ್ಚಿ ಮತ್ತೆ ಮಾಡಿದ್ದು ಎಲ್ಲವನ್ನೂ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ. ಇಂಥ ಕಟ್ಟೆ ಇರುವವರಿಗೆ ಅಳತೆಗಳು ಉಪಯೋಗಕ್ಕೆ ಬರಬಹುದು.

ಕಟ್ಟೆಯ ವಿವರ: ತೇಗದ ಪಟ್ಟಿಗಳನ್ನು ಒಂದರ ಪಕ್ಕ ಒಂದು ಅಂಟಿಸಿ ಮಾಡಿದ ಹಲಗೆ. ದಪ್ಪ 38 ಮಿ.ಮೀ., ಅಗಲ 600 ಮಿ.ಮೀ., ಉದ್ದ 2400 ಮಿ.ಮೀ. ಅದರಲ್ಲಿ 560 × 480 ಮಿ.ಮೀ. ಕೊರೆದು ನಾಲ್ಕು ಬರ್ನರಿನ ಗ್ಯಾಸ್ ಒಲೆ ಇಳಿಬಿಟ್ಟಿದೆ. ಮೇಲೆ ಹಳೆಯ ಪಾಲಿಶ್, ಯಾವುದೆಂದು ಗೊತ್ತಿರಲಿಲ್ಲ.

ಉಪಕರಣ: ಕೆರೆಯುವ ಉಕ್ಕಿನ ಪಟ್ಟಿ, ಅಂದರೆ ಸ್ಕ್ರೇಪರ್, 6, 12 ಮತ್ತು 25 ಮಿ.ಮೀ. ಉಳಿಗಳು, ಜಿಗ್ ಸಾ, ಡ್ರಿಲ್, 80, 120, 180, 240 ನಂಬರಿನ ಸ್ಯಾಂಡ್ ಪೇಪರ್, ದಬ್ಬಣ, ಇಸ್ತ್ರಿ ಪೆಟ್ಟಿಗೆ, ದೂರದಿಂದ ಬಿಸಿ ಅಳೆಯುವ ಇನ್ಫ್ರಾರೆಡ್ ಥರ್ಮಾಮೀಟರ್. ಕೊನೆಯದ್ದನ್ನು ಸುಮ್ಮನೆ ಶೋಕಿಗೆ ಕೊಂಡಿದ್ದೆ. ಈ ಕೆಲಸದಲ್ಲಿ ಅತಿ ಹೆಚ್ಚು ಕೈಗೆ ಬಂದದ್ದೂ ಅದೇ, ಒಮ್ಮೆ ಚೆನ್ನಾಗಿ ದಾರಿ ತಪ್ಪಿಸಿದ್ದೂ ಅದೇ.

ಶುರು ಮಾಡುವ ಮುಂಚೆ ಒಂದು ಮಿತಿ ಹಾಕಿಕೊಂಡೆ: ಮರದ ಮೇಲ್ಮೈ 60 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಮರ ಕರಕಲಾಗುವುದು ಸುಮಾರು 300 ಡಿಗ್ರಿಯ ಹತ್ತಿರ, ಹಾಗಾಗಿ 60 ಎಂಬುದು ಅತಿಯಾಯಿತು ಅನಿಸಬಹುದು. ಆದರೆ ಕಟ್ಟೆ ಹಾಳಾಗಲು ಶುರುವಾಗುವುದು ಅದಕ್ಕೂ ಎಷ್ಟೋ ಕೆಳಗೆ. ಜೇನುಮೇಣ 62ರಿಂದ 64 ಡಿಗ್ರಿಗೆ ಕರಗುತ್ತದೆ. ಅರಗಿನ ಪಾಲಿಶ್ 75ರ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ಪಟ್ಟಿಗಳನ್ನು ಹಿಡಿದಿರುವ ಸಾಮಾನ್ಯ ಬಿಳಿ ಅಂಟು ಕೂಡ ಹೆಚ್ಚುಕಡಿಮೆ ಇದೇ ಬಿಸಿಯಲ್ಲಿ ಹಿಡಿತ ಸಡಿಲಿಸುತ್ತದೆ. ಬೆಂಕಿಯೇ ಬೇಕಿಲ್ಲ, ಈಗಷ್ಟೇ ಕುದಿದ ನೀರಿನ ಪಾತ್ರೆ ಸಾಕು. ಜೊತೆಗೆ, ವರ್ಷಗಟ್ಟಲೆ ದಿನವೂ ಕಾದು ಕಾದು ಕಂದಾದ ಮರ ಹೊಸ ಮರಕ್ಕಿಂತ ಸುಲಭವಾಗಿ ಹೊತ್ತಿಕೊಳ್ಳಬಹುದು. ಆದ್ದರಿಂದ ಕಲೆ ತಡೆಯುವುದೂ ಬೆಂಕಿ ತಡೆಯುವುದೂ ಬೇರೆ ಬೇರೆ ಕೆಲಸಗಳಲ್ಲ.

ಹಂತ 1: ಯಾವ ಕಲೆ ಯಾವುದು

ಕಟ್ಟೆಯ ಮೇಲೆ ಮೂರು ಬಗೆಯ ಗುರುತುಗಳಿದ್ದವು. ಮೊದಲನೆಯದು ಬಿಳಿ ಉಂಗುರಗಳು. ಎರಡನೆಯದು ಕಂದು ಮತ್ತು ಕಪ್ಪು ಮಚ್ಚೆಗಳು. ಮೂರನೆಯದು ಒಲೆಯ ಬಲಕ್ಕೆ, ಅಂಗೈಯಷ್ಟು ಅಗಲದ ಕರಕಲು ಗುಳಿ.

ಪಾಲಿಶ್ ಯಾವುದೆಂದು ತಿಳಿಯಲು ಮೂಲೆಯಲ್ಲಿ ಒಂದು ಹನಿ ಸ್ಪಿರಿಟ್ ಬಿಟ್ಟು ಒಂದು ನಿಮಿಷ ಬಿಟ್ಟು ಮುಟ್ಟಿದೆ. ಅಂಟಂಟಾಯಿತು, ಅಂದರೆ ಅರಗು. ಪಾಲಿಯುರೆಥೇನ್ ವಾರ್ನಿಶ್ ಆಗಿದ್ದರೆ ಸ್ಪಿರಿಟ್ಟಿಗೆ ಜಗ್ಗುತ್ತಿರಲಿಲ್ಲ. ಪೀಠೋಪಕರಣಕ್ಕೆ ಅರಗು ಚೆಂದ. ಒಲೆಯ ಪಕ್ಕಕ್ಕೆ ಇದನ್ನು ಯಾರು ಹಚ್ಚಿದರೋ, ಬಿಸಿಗೂ ಆಗದು, ನೀರಿಗೂ ಆಗದು.

ಕಪ್ಪು ಮಚ್ಚೆಗಳಲ್ಲಿ ಎರಡು ಜಾತಿ ಇರುತ್ತವೆ. ಒದ್ದೆ ಕಬ್ಬಿಣದ ಪಾತ್ರೆ ಇಟ್ಟಾಗ ಮರದೊಳಗಿನ ಟ್ಯಾನಿನ್ ಎಂಬ ಒಗರು ಪದಾರ್ಥ ಮತ್ತು ಕಬ್ಬಿಣ ಸೇರಿ ಬರುವ ಮಸಿಯಂಥ ಕಪ್ಪು ಒಂದು. ನಿಜವಾಗಿ ಸೀದು ಬಂದ ಕಪ್ಪು ಇನ್ನೊಂದು. ಕಣ್ಣಿಗೆ ಎರಡೂ ಒಂದೇ. ದಬ್ಬಣದ ತುದಿಯಿಂದ ಒತ್ತಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ: ಸೀದ ಮರ ಪುಡಿಯಾಗುತ್ತದೆ, ಕಬ್ಬಿಣದ ಕಲೆ ಹಿಡಿದ ಮರ ಗಟ್ಟಿಯಾಗೇ ಇರುತ್ತದೆ. ಗುಳಿಯಲ್ಲಿ ದಬ್ಬಣ ಸಲೀಸಾಗಿ 5 ಮಿ.ಮೀ. ಇಳಿಯಿತು.

ಹಂತ 2: ಬಿಳಿ ಉಂಗುರ

ಸುಲಭದ ಕೆಲಸ. ಪಾಲಿಶ್ ಪದರದೊಳಗೆ ತೇವ ಸಿಕ್ಕಿಹಾಕಿಕೊಂಡದ್ದರಿಂದ ಬಿಳಿ ಕಾಣುತ್ತದೆ, ಮರಕ್ಕೆ ಏನೂ ಆಗಿರುವುದಿಲ್ಲ. ಇಸ್ತ್ರಿ ಪೆಟ್ಟಿಗೆಯನ್ನು ಅತಿ ಕಡಿಮೆ ಬಿಸಿಗೆ ಇಟ್ಟು, ಹಬೆ ಬಂದ್ ಮಾಡಿ, ಕಲೆಯ ಮೇಲೆ ಒಣ ಹತ್ತಿ ಬಟ್ಟೆ ಹಾಸಿ, ಒಂದೊಂದು ಸಲಕ್ಕೆ ನಾಲ್ಕೈದು ಸೆಕೆಂಡಿನಷ್ಟೇ ಒತ್ತಿ ತೆಗೆಯುತ್ತ ಹೋದೆ. ಹೆಚ್ಚಿನವು ಹೋದವು. ಹೋಗದ ಹಠಮಾರಿಗಳಿಗೆ ಅತಿ ನುಣುಪಾದ ಉಕ್ಕಿನ ಉಣ್ಣೆಯನ್ನು ಎಣ್ಣೆಯಲ್ಲಿ ಅದ್ದಿ, ಎಳೆಯ ದಿಕ್ಕಿನಲ್ಲಿ ಹಗುರವಾಗಿ ಉಜ್ಜಿದೆ.

ಒಲೆಯಿಂದ ದೂರವಿದ್ದ ಭಾಗಕ್ಕೆ ಮಾತ್ರ ಇದು. ಒಲೆಯ ಹತ್ತಿರದ ಒಂದು ಮೀಟರಿನಷ್ಟು ಭಾಗದ ಅರಗನ್ನು ಹೇಗೂ ಪೂರ್ತಿ ಕೆರೆದು ತೆಗೆಯುವುದಿತ್ತು.

ಹಂತ 3: ಕಂದು ಮತ್ತು ಕಪ್ಪು

ಕಬ್ಬಿಣದ ಕಲೆಗೆ ಆಕ್ಸಾಲಿಕ್ ಆಮ್ಲ. ಬಿಸಿನೀರಿನಲ್ಲಿ ಕರಗಿಸಿ, ಪ್ಲಾಸ್ಟಿಕ್ ಬ್ರಶ್ಶಿನಲ್ಲಿ ಹಚ್ಚಿ, ಒಣಗಲು ಬಿಟ್ಟರೆ ಕಲೆ ತಾನಾಗಿ ತಿಳಿಯಾಗುತ್ತದೆ. ಕಲೆಯ ಮೇಲಷ್ಟೇ ಹಚ್ಚಿದರೆ ಅಲ್ಲೊಂದು ಬಿಳುಚಿದ ಮಚ್ಚೆ ಉಳಿಯುತ್ತದೆ, ಆದ್ದರಿಂದ ಇಡೀ ಪಟ್ಟಿಗೆ ಹಚ್ಚಬೇಕು. ಇದು ವಿಷ. ಕೈಗವಸು, ಕನ್ನಡಕ ಕಡ್ಡಾಯ. ಆಮೇಲೆ ಅಡುಗೆ ಸೋಡಾ ಬೆರೆಸಿದ ನೀರಿನಿಂದ ಒರೆಸಿ, ಶುದ್ಧ ನೀರಿನಿಂದ ಒಂದಕ್ಕಿಂತ ಹೆಚ್ಚು ಸಲ ತೊಳೆದೆ. ತೊಳೆಯದೆ ಉಜ್ಜಿದರೆ ಒಣಗಿದ ಹರಳು ಪುಡಿಯಾಗಿ ಮೂಗಿಗೆ ಹೋಗುತ್ತದೆ, ಶ್ವಾಸನಾಳ ಉರಿಯುವಷ್ಟು ಕೆಟ್ಟ ಪುಡಿ ಅದು. ಊಟದ ಸಾಮಾನು ಇಡುವ ಜಾಗವಾದ್ದರಿಂದ ತೊಳೆಯುವುದರಲ್ಲಿ ಜಿಪುಣತನ ಬೇಡ.

ಸೀದ ಕಲೆಗೆ ಈ ಆಮ್ಲ ಏನೂ ಮಾಡದು. ಕರಕಲು ಎಂದರೆ ಇಂಗಾಲ, ಅದನ್ನು ಬಿಳಿಯಾಗಿಸುವ ರಸಾಯನ ಅಡುಗೆಮನೆಯಲ್ಲಿ ಇಟ್ಟುಕೊಳ್ಳುವಂಥದ್ದಲ್ಲ. ಕೆರೆಯಬೇಕು ಅಷ್ಟೆ.

ಕೆರೆಯಲು ಸ್ಯಾಂಡ್ ಪೇಪರಿಗಿಂತ ಸ್ಕ್ರೇಪರ್ ಮೇಲು. ಪೇಪರ್ ಉಜ್ಜಿದರೆ ಕಪ್ಪು ಪುಡಿ ಪಕ್ಕದ ಒಳ್ಳೆಯ ಮರದ ರಂಧ್ರಗಳಿಗೆ ತುಂಬಿಕೊಂಡು, ಚಿಕ್ಕ ಕಲೆ ದೊಡ್ಡ ಬೂದು ಮಬ್ಬಾಗುತ್ತದೆ. ಸ್ಕ್ರೇಪರ್ ತೆಳ್ಳನೆ ಸಿಪ್ಪೆಯಾಗಿ ಎತ್ತುತ್ತದೆ. ಕಲೆ ಇರುವಲ್ಲಿ ಮಾತ್ರ ಕೆರೆದರೆ ತಟ್ಟೆಯಂಥ ತಗ್ಗು ಬೀಳುತ್ತದೆ, ನೀರು ಅಲ್ಲೇ ನಿಲ್ಲುತ್ತದೆ. ಕಲೆಯ ಸುತ್ತ ಅದರ ಮೂರ್ನಾಲ್ಕು ಪಟ್ಟು ಅಗಲಕ್ಕೆ ಹರಡಿಕೊಂಡು ಕೆರೆದೆ. ಉದ್ದನೆಯ ಉಕ್ಕಿನ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ಬೆಳಕಿಗೆ ಹಿಡಿದರೆ ತಗ್ಗು ಎಷ್ಟಿದೆ ಎಂದು ಕಾಣುತ್ತದೆ. ಹೆಚ್ಚಿನ ಕಂದು ಕಲೆಗಳು ಅರ್ಧ ಮಿ.ಮೀ. ಒಳಗೇ ಮುಗಿದವು. ಆಮೇಲೆ 80, 120, 180, ಎಲ್ಲವೂ ಎಳೆಯ ದಿಕ್ಕಿನಲ್ಲೇ. ತೇಗದ ಪುಡಿ ಕೆಲವರಿಗೆ ಚರ್ಮಕ್ಕೂ ಉಸಿರಿಗೂ ಆಗದು, ಮಾಸ್ಕ್ ಹಾಕಿಕೊಂಡೇ ಮಾಡಿದೆ.

ಹಂತ 4: ಕರಕಲು ಗುಳಿ

ಮೊದಲು ಹಿಡಿದದ್ದು ಸುಲಭದ ದಾರಿ: ಕರಕಲನ್ನು ಉಳಿಯಿಂದ ಕೆತ್ತಿ ತೆಗೆದು, ತೇಗದ ಪುಡಿ ಬೆರೆಸಿದ ಎಪಾಕ್ಸಿ, ಅಂದರೆ ಎರಡು ಭಾಗ ಕಲಸಿದಾಗ ಗಟ್ಟಿಯಾಗುವ ಅಂಟು, ತುಂಬಿ, ಗಟ್ಟಿಯಾದ ಮೇಲೆ ಸಮ ಮಾಡಿದೆ. ನೋಡಲು ಪರವಾಗಿಲ್ಲ ಅನಿಸಿತು. ಬಿಸಿ ಪಾತ್ರೆ ಇಟ್ಟು ಪರೀಕ್ಷಿಸಿದಾಗ ತೇಪೆಯ ಮೇಲೆ ಪಾತ್ರೆಯ ತಳದ ಅಚ್ಚು ಮೂಡಿತು. ಉಗುರಿನಿಂದ ಒತ್ತಿದರೆ ಒತ್ತಿಸಿಕೊಳ್ಳುವಷ್ಟು ಮೆತ್ತಗೆ. ಮನೆಯ ತಾಪದಲ್ಲೇ ಗಟ್ಟಿಯಾಗುವ ಸಾಮಾನ್ಯ ಎಪಾಕ್ಸಿ 50ರಿಂದ 60 ಡಿಗ್ರಿಗೆಲ್ಲ ಮೆತ್ತಗಾಗತೊಡಗುತ್ತದೆ. ಡಬ್ಬಿಯ ಜೊತೆ ಬಂದ ಕಾಗದದಲ್ಲಿ ಇದನ್ನು ಸಣ್ಣ ಅಕ್ಷರದಲ್ಲಿ ಬರೆದೂ ಇದ್ದರು, ಹಚ್ಚಿದ ಮೇಲೆ ಓದಿದೆ. ಒಲೆಯಿಂದ ದೂರದ ಗುಳಿಗೆ ಎಪಾಕ್ಸಿ ನಡೆಯುತ್ತದೆ. ಬಿಸಿ ಪಾತ್ರೆ ಇಳಿಯುವ ಜಾಗದಲ್ಲಿ ಅದು ತೇಪೆಯಲ್ಲ, ತಾತ್ಕಾಲಿಕ ಸಮಾಧಾನ.

ಎಲ್ಲ ಕಿತ್ತು, ಮರಕ್ಕೆ ಮರವನ್ನೇ ತೇಪೆ ಹಾಕಿದೆ. ಕ್ರಮ ಹೀಗೆ:

ಕಟ್ಟೆ ಕೊರೆದಾಗ ಉಳಿದಿದ್ದ ತೇಗದ ತುಂಡಿನಿಂದ 8 ಮಿ.ಮೀ. ದಪ್ಪದ ಚೂರು ಸೀಳಿಕೊಂಡೆ. ಎಳೆಯ ದಿಕ್ಕು, ಬಣ್ಣ ಎರಡೂ ಹೊಂದುವಂತೆ ತಿರುಗಿಸಿ ನೋಡಿ ಜಾಗ ಗುರುತು ಹಾಕಿದೆ. ಆಕಾರ ಚೌಕ ಬೇಡ. ಎಳೆಗೆ ಅಡ್ಡವಾಗಿ ಬರುವ ನೇರ ಗೆರೆ ಎಷ್ಟು ಚೆನ್ನಾಗಿ ಕೂರಿಸಿದರೂ ಕಣ್ಣಿಗೆ ಹೊಡೆಯುತ್ತದೆ. ದೋಣಿಯಂತೆ ಎರಡೂ ತುದಿ ಚೂಪಾಗಿ, ಉದ್ದ ಎಳೆಯ ಜೊತೆ ಹೋಗುವಂತೆ ಕತ್ತರಿಸಿದೆ: 130 ಮಿ.ಮೀ. ಉದ್ದ, ನಡುವೆ 62 ಮಿ.ಮೀ. ಅಗಲ. ತೇಪೆಯ ಬದಿಗಳನ್ನು ಕೆಳಗೆ ತುಸು ಒಳಕ್ಕೆ ಓರೆ ಮಾಡಿದರೆ ಬಡಿದಂತೆಲ್ಲ ಬಿಗಿಯಾಗುತ್ತದೆ.

ಮೊದಲು ತೇಪೆ ಕತ್ತರಿಸಿ, ಅದನ್ನೇ ಕಟ್ಟೆಯ ಮೇಲಿಟ್ಟು ಚಾಕುವಿನಿಂದ ಸುತ್ತ ಗೀರಿ, ಆಮೇಲೆ ಗುಂಡಿ ಕೆತ್ತಬೇಕು. ಪೆನ್ಸಿಲ್ ಗೆರೆಗೆ ಕೆತ್ತಿದರೆ ಸಂದಿ ಬೀಳುವುದು ಖಂಡಿತ. ಆಳ 6 ಮಿ.ಮೀ. ಕರಕಲಿನ ಕೆಳಗೆ ಕಂದು ಬಣ್ಣದ ಮರ ಇನ್ನೂ ಇತ್ತು, ದಬ್ಬಣಕ್ಕೆ ಗಟ್ಟಿಯಾಗಿತ್ತು, ಬಿಟ್ಟೆ. ಅಂಟಿಗೆ ಪಾಲಿಯುರೆಥೇನ್ ಬಗೆಯದ್ದನ್ನು ಬಳಸಿದೆ, ಬಿಳಿ ಅಂಟಿಗಿಂತ ಬಿಸಿ ಚೆನ್ನಾಗಿ ತಾಳುತ್ತದೆ. ಅದು ನೊರೆಯಾಗಿ ಉಬ್ಬುವ ಸ್ವಭಾವದ್ದು, ತೆಳುವಾಗಿ ಹಚ್ಚಿ ಮೇಲೆ ಭಾರ ಹೇರದಿದ್ದರೆ ತೇಪೆಯನ್ನೇ ಎತ್ತಿಬಿಡುತ್ತದೆ. ಮರುದಿನ ಹೆಚ್ಚಿದ್ದ 2 ಮಿ.ಮೀ. ದಪ್ಪವನ್ನು ಹತ್ತರಿಯಿಂದ ಹೆರೆದು, ಸ್ಕ್ರೇಪರಿನಿಂದ ಸಮ ಮಾಡಿದೆ. ಈಗ ಹುಡುಕಿದರೆ ಮಾತ್ರ ಕಾಣುತ್ತದೆ, ಹುಡುಕುವವರು ಹುಡುಕುತ್ತಾರೆ.

ಹಂತ 5: ಒಲೆ ಕೂರುವ ಕಂಡಿ

ಇದು ಯೋಜನೆಯಲ್ಲಿ ಇರಲೇ ಇಲ್ಲ. ಪಾಲಿಶ್ ಕೆರೆಯಲು ಅಡ್ಡ ಬರುತ್ತದೆಂದು ಒಲೆ ಎತ್ತಿದಾಗ, ಕಂಡಿಯ ಹಿಂಬದಿಯ ಅಂಚು ಸುಮಾರು 200 ಮಿ.ಮೀ. ಉದ್ದಕ್ಕೆ ಇದ್ದಿಲಾಗಿತ್ತು. ಮೇಲಿನಿಂದ ಏನೂ ಕಾಣುತ್ತಿರಲಿಲ್ಲ, ಒಲೆಯ ಚಾಚು ಮುಚ್ಚಿಕೊಂಡಿತ್ತು. ಇಡೀ ಕೆಲಸದಲ್ಲಿ ಅಪಾಯದ್ದು ಯಾವುದೆಂದರೆ ಇದೇ. ಮೇಲಿನ ಕಲೆಗಳೆಲ್ಲ ಅಂದಗೇಡು ಮಾತ್ರ. ನಿಮ್ಮಲ್ಲೂ ಒಲೆ ಮರಕ್ಕೆ ಇಳಿಬಿಟ್ಟಿದ್ದರೆ, ಬೇರೇನೂ ಮಾಡದಿದ್ದರೂ ಒಮ್ಮೆ ಎತ್ತಿಸಿ ನೋಡಿ.

ಕಾರಣ ಎರಡು. ಹಿಂದಿನ ಬರ್ನರಿನ ಮೇಲೆ ಅಗಲ ತಳದ ದೊಡ್ಡ ಪಾತ್ರೆ ಇಡುತ್ತಿದ್ದುದು ಒಂದು. ಪಾತ್ರೆ ಒಲೆಯ ಅಂಚು ದಾಟಿದರೆ ಜ್ವಾಲೆ ತಳದುದ್ದಕ್ಕೂ ಹೊರಕ್ಕೆ ಹರಿದು ಕಟ್ಟೆಯ ಮೇಲೆ ಬಗ್ಗುತ್ತದೆ. ಎರಡನೆಯದು, ಒಲೆಯ ತಗಡಿನ ತೊಟ್ಟಿಗೂ ಮರಕ್ಕೂ ನಡುವೆ ಹಿಂಬದಿಯಲ್ಲಿ 2 ಮಿ.ಮೀ. ಜಾಗವೂ ಇರಲಿಲ್ಲ, ಒಂದು ಕಡೆ ತಾಗಿಯೇ ಇತ್ತು.

ಮಾಡಿದ್ದು:

ಗ್ಯಾಸಿನ ಮುಖ್ಯ ವಾಲ್ವ್ ಮುಚ್ಚಿ, ಬರ್ನರ್ ಹೊತ್ತಿಸಿ ಪೈಪಿನಲ್ಲಿ ಉಳಿದದ್ದನ್ನು ಉರಿಸಿ ಖಾಲಿ ಮಾಡಿ, ಆಮೇಲೆ ಒಲೆ ಬಿಚ್ಚಿದೆವು. ಬಿಚ್ಚುವುದನ್ನೂ ಮತ್ತೆ ಜೋಡಿಸುವುದನ್ನೂ ಗ್ಯಾಸ್ ಕೆಲಸದವರಿಂದಲೇ ಮಾಡಿಸಿದೆ. ಇದರಲ್ಲಿ ಉಳಿತಾಯ ಮಾಡಲು ಹೋಗಬಾರದು.

ಒಲೆಯ ಚಾಚು ಮರದ ಮೇಲೆ ಎಷ್ಟು ಕೂರುತ್ತದೆ ಎಂದು ಅಳೆದೆ: ಹಿಂಬದಿಯಲ್ಲಿ 18 ಮಿ.ಮೀ. ಅದರಲ್ಲಿ 8 ಮಿ.ಮೀ. ಕೊರೆದು ಕಂಡಿ ಹಿಗ್ಗಿಸಿದರೂ ಕೂರಲು 10 ಮಿ.ಮೀ. ಉಳಿಯುತ್ತದೆ. ಒಲೆಯ ಜೊತೆ ಬಂದ ಪುಸ್ತಕದಲ್ಲಿ ಕಂಡಿಯ ಗರಿಷ್ಠ ಅಳತೆ, ಗೋಡೆಗೂ ಪಕ್ಕಕ್ಕೂ ಬಿಡಬೇಕಾದ ದೂರ ಇರುತ್ತದೆ; ಅದನ್ನು ನೋಡಿಕೊಂಡೇ ಗೆರೆ ಹಾಕಿದೆ. ಜಿಗ್ ಸಾ ಅಲಗು ಮೇಲಿನ ಎಳೆಯನ್ನು ಸಿಬಿರು ಎಬ್ಬಿಸದಂತೆ ಗೆರೆಯ ಮೇಲೆ ಪೇಪರ್ ಟೇಪ್ ಅಂಟಿಸಿಕೊಂಡೆ. ಇದ್ದಿಲಿನ ಬಹುಪಾಲು ಆ 8 ಮಿ.ಮೀ.ಯಲ್ಲೇ ಹೋಯಿತು. ಉಳಿದ ಚೂರುಪಾರು ಉಳಿಯಿಂದ ಕೆರೆದೆ, ಕಪ್ಪು ಪೂರ್ತಿ ಹೋಗಿ ಹಸಿ ತೇಗದ ಬಣ್ಣ ಕಾಣುವವರೆಗೆ.

ಕೊಯ್ದ ಮುಖಕ್ಕೆ ಎರಡು ಕೋಟು ವಾರ್ನಿಶ್. ಇದು ಬಿಸಿಗಲ್ಲ, ನೀರಿಗೆ. ಅಡ್ಡಗೊಯ್ದ ಎಳೆಯ ತುದಿಗಳು ನೀರನ್ನು ಹೀರುವಷ್ಟು ಬೇರೆ ಯಾವ ಮುಖವೂ ಹೀರದು. ಒಣಗಿದ ಮೇಲೆ ದಪ್ಪ ಅಲ್ಯೂಮಿನಿಯಂ ಫಾಯಿಲ್ ಟೇಪನ್ನು ಕೊಯ್ದ ಮುಖದ ಮೇಲೂ, ಮೇಲಕ್ಕೆ 8 ಮಿ.ಮೀ., ಕೆಳಕ್ಕೆ 20 ಮಿ.ಮೀ. ಮಡಚಿ ಅಂಟಿಸಿದೆ. ಮೇಲಿನ ಮಡಿಕೆ ಚಾಚಿನ ಅಡಿಯಲ್ಲಿ ಮರೆಯಾಗುತ್ತದೆ.

ಫಾಯಿಲ್ ಬಗ್ಗೆ ಒಂದು ಮಾತು. ಹೊಳೆಯುವ ಮುಖದ ಎದುರು ಗಾಳಿ ಇದ್ದರಷ್ಟೇ ಅದು ಬಿಸಿಯನ್ನು ಹಿಂದಕ್ಕೆ ಅಟ್ಟುತ್ತದೆ. ಒಲೆಯ ತೊಟ್ಟಿ ಫಾಯಿಲಿಗೆ ತಾಗಿದರೆ ಅಲ್ಯೂಮಿನಿಯಂ ಬಿಸಿಯನ್ನು ಮರಕ್ಕೆ ಹಂಚುವ ಕೆಲಸವನ್ನೇ ಚೆನ್ನಾಗಿ ಮಾಡುತ್ತದೆ. ಹಾಗಾಗಿ ಒಲೆ ಇಳಿಸುವಾಗ ನಾಲ್ಕೂ ಬದಿಗೆ ಸಮ ಜಾಗ ಬರುವಂತೆ ಮರದ ಆಪು ಇಟ್ಟು ಹೊಂದಿಸಿ, ಕ್ಲಿಪ್ ಬಿಗಿದ ಮೇಲೆ ಆಪು ಕಿತ್ತೆ. ಜೋಡಿಸಿದ ಮೇಲೆ ಪ್ರತಿ ಕೀಲಿಗೂ ಸಾಬೂನು ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡಿದ್ದಾಯಿತು.

ಹಂತ 6: ಪಾತ್ರೆ ಇಳಿಸುವ ತಗಡು

ಒಲೆಯ ಬಲಕ್ಕೆ, ತೇಪೆ ಹಾಕಿದ ಜಾಗದ ಮೇಲೆ, ಬಿಸಿ ಪಾತ್ರೆ ಇಳಿಸಲೊಂದು ಖಾಯಂ ಜಾಗ ಬೇಕಿತ್ತು. ಮೊದಲ ಯೋಚನೆ ಎಲ್ಲರದೂ ಒಂದೇ ಇರುತ್ತದೆ: ಸ್ಟೀಲ್ ತಗಡು ಹಾಸಿದರಾಯಿತು. 304 ದರ್ಜೆಯ ಸ್ಟೇನ್‌ಲೆಸ್ ತಗಡು, 1.2 ಮಿ.ಮೀ. ದಪ್ಪ, 450 × 550 ಮಿ.ಮೀ. ತಂದು ಮರದ ಮೇಲೆ ಹಾಗೆಯೇ ಹಾಸಿ ಅಳೆದೆ.

ಪರೀಕ್ಷೆ ಪ್ರತಿ ಸಲವೂ ಒಂದೇ: ಮೂರು ಲೀಟರ್ ನೀರು ಕುದಿಸಿ, ಪಾತ್ರೆಯನ್ನು ನೇರ ಇಳಿಸಿ ಮುಚ್ಚಿಟ್ಟು, 15 ನಿಮಿಷದ ನಂತರ ಎತ್ತಿ, ಕೆಳಗಿನ ಮರದ ಬಿಸಿ ನೋಡುವುದು. ಇದನ್ನು ಕಟ್ಟೆಯ ಮೇಲಲ್ಲ, ಉಳಿದಿದ್ದ ತೇಗದ ತುಂಡಿನ ಮೇಲೆ ಮಾಡಿದೆ.

ಇಲ್ಲೇ ಥರ್ಮಾಮೀಟರ್ ದಾರಿ ತಪ್ಪಿಸಿದ್ದು. ಕುದಿಯುವ ಪಾತ್ರೆ ಆಗಷ್ಟೇ ಎತ್ತಿದ ತಗಡಿನ ಮೇಲೆ 41 ಡಿಗ್ರಿ ಎಂದು ತೋರಿಸಿತು. ಕೈ ಇಟ್ಟರೆ ಸುಡುತ್ತಿತ್ತು. ಇನ್ಫ್ರಾರೆಡ್ ಥರ್ಮಾಮೀಟರ್ ಹೊಳೆಯುವ ಲೋಹದ ಮೇಲೆ ಸುಳ್ಳು ಹೇಳುತ್ತದೆ, ಲೋಹದ ಬಿಸಿಯ ಬದಲು ಅದರಲ್ಲಿ ಪ್ರತಿಫಲಿಸುವ ಕೋಣೆಯ ಬಿಸಿಯನ್ನೇ ಹೆಚ್ಚಾಗಿ ಓದುತ್ತದೆ. ತಗಡಿನ ಮೇಲೆ ಕಪ್ಪು ಟೇಪಿನ ತುಂಡು ಅಂಟಿಸಿ ಆ ಟೇಪಿಗೆ ಗುರಿ ಇಟ್ಟರೆ ಸರಿಯಾದ ಅಳತೆ ಬರುತ್ತದೆ. ಮರದ ಮೇಲೆ ಈ ತೊಂದರೆ ಇಲ್ಲ.

ಅಳತೆಗಳು: ಪಾತ್ರೆ ನೇರ ಮರದ ಮೇಲೆ ಇಟ್ಟಾಗ 81 ಡಿಗ್ರಿ. ತಗಡು ಹಾಸಿ ಅದರ ಮೇಲೆ ಇಟ್ಟಾಗ 77. ಅಂದರೆ ತಗಡಿನಿಂದ ಬಂದ ಲಾಭ ನಾಲ್ಕು ಡಿಗ್ರಿ. ತಗಡು ಕಿಡಿಯನ್ನು, ಜ್ವಾಲೆಯನ್ನು ಮರಕ್ಕೆ ಮುಟ್ಟಗೊಡದು, ಬಿಸಿಯನ್ನು ಮಾತ್ರ ಹಾಗೇ ಕೆಳಗೆ ಕಳಿಸುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಮೇಲೆ ಚೊಕ್ಕವಾಗಿ ಕಾಣುತ್ತಿರುವಾಗಲೇ ಅಡಿಯಲ್ಲಿ ಮರ ಸೀಯುತ್ತಿದ್ದರೂ ಯಾರಿಗೂ ತಿಳಿಯುವುದಿಲ್ಲ. ಕಂಡಿಯ ಅಂಚಿನಲ್ಲಿ ಆದದ್ದೂ ಅದೇ ತಾನೇ.

ಅದೇ ತಗಡನ್ನು 12 ಮಿ.ಮೀ. ಎತ್ತರಿಸಿ ಇಟ್ಟಾಗ ಮರದ ಮೇಲೆ 46 ಡಿಗ್ರಿ. ಇಷ್ಟೇ ಸಾಕಿತ್ತು ನನಗೆ. ಸೌದೆ ಒಲೆಯ ಹಿಂದಿನ ಗೋಡೆಗೆ ತಗಡು ಹೊಡೆಯುವವರು ಗೋಡೆಗೂ ತಗಡಿಗೂ ನಡುವೆ 25 ಮಿ.ಮೀ. ಬಿಟ್ಟು, ಕೆಳಗೆ ಮೇಲೆ ಗಾಳಿ ಓಡಾಡಲು ತೆರೆದಿಡುತ್ತಾರೆ. ತಗಡು ಅಲ್ಲಿ ನೆಪಮಾತ್ರ, ಕೆಲಸ ಮಾಡುವುದು ಹಿಂದಿನ ಗಾಳಿ. ಕಟ್ಟೆಯ ಮೇಲೆ 25 ಮಿ.ಮೀ. ಮೆಟ್ಟಿಲಿನಂತೆ ಎಡವುತ್ತದೆ, 12ಕ್ಕೆ ಒಪ್ಪಿಕೊಂಡೆ.

ಈಗ ಕೂರಿಸುವ ಕತೆ. ತಗಡನ್ನು ಎತ್ತಿ ಹಿಡಿಯಲು ಕೈಗೆ ಸಿಕ್ಕ ಅಲ್ಯೂಮಿನಿಯಂ ಕೊಳವೆಯನ್ನು 12 ಮಿ.ಮೀ. ತುಂಡುಗಳಾಗಿ ಕತ್ತರಿಸಿ, ನಾಲ್ಕು ಮೂಲೆ ಮತ್ತು ನಡುವೆ ಇಟ್ಟು ಸ್ಕ್ರೂ ಹಾಕಿದೆ. ಪರೀಕ್ಷೆಗೆ ಮೇಣ ಸವರಿದ್ದ ತುಂಡಿನ ಮೇಲೆ ಪ್ರತಿ ಕೊಳವೆಯ ಅಡಿಯಲ್ಲೂ ಮೇಣ ಕರಗಿ ಒಂದೊಂದು ಹೊಳೆಯುವ ಉಂಗುರ ಮೂಡಿತು. ಉಳಿದೆಲ್ಲ ಕಡೆ 46, ಆ ಐದು ಚುಕ್ಕೆಗಳಲ್ಲಿ 60 ದಾಟಿತ್ತು. ಅಲ್ಯೂಮಿನಿಯಂ ಸ್ಟೇನ್‌ಲೆಸ್ ಸ್ಟೀಲಿಗಿಂತ ಹತ್ತು ಪಟ್ಟಿಗೂ ಹೆಚ್ಚು ಚುರುಕಾಗಿ ಬಿಸಿ ಸಾಗಿಸುತ್ತದೆ. ಕೊಳವೆಗಳನ್ನು ಸ್ಟೇನ್‌ಲೆಸ್‌ಗೆ ಬದಲಿಸಿ, ಉದ್ದ 9 ಮಿ.ಮೀ.ಗೆ ಇಳಿಸಿ, ಪ್ರತಿಯೊಂದರ ಅಡಿಗೆ 3 ಮಿ.ಮೀ. ದಪ್ಪದ ಸಿಲಿಕೋನ್ ವಾಷರ್ ಕೊಟ್ಟೆ. ಉಂಗುರ ನಿಂತಿತು. ಮಾಮೂಲಿ ರಬ್ಬರ್ ವಾಷರ್ ಬೇಡ, ಬಿಸಿಗೆ ಗಡುಸಾಗಿ ಬಿರಿಯುತ್ತದೆ.

ಇನ್ನೊಂದು ತೊಡಕು ಸ್ಕ್ರೂಗಳದ್ದು. ತಗಡಿನಡಿ 12 ಮಿ.ಮೀ. ಸಂದಿ ಎಂದರೆ ಅಡುಗೆಮನೆಯ ಚೂರುಪಾರೆಲ್ಲ ಸೇರುವ ಜಾಗ. ಎಣ್ಣೆ ಹನಿ, ಹಿಟ್ಟು, ನೀರು. ಒಣ ಪುಡಿಗೆ ಎಣ್ಣೆ ಸೇರಿದರೆ ಅದೇ ಬೆಂಕಿಗೆ ಆಹಾರ, ನೀರು ನಿಂತರೆ ಬೂಸ್ಟು. ಪ್ರತಿ ಸಲ ಸ್ಕ್ರೂ ಬಿಚ್ಚಿ ಯಾರು ಒರೆಸುತ್ತಾರೆ? ಸ್ಕ್ರೂ ತೆಗೆದು ಹಾಕಿದೆ. ಬದಲಿಗೆ ಹಿಂದಿನ ಎರಡು ಕೊಳವೆಗಳೊಳಗೆ ಸ್ಟೇನ್‌ಲೆಸ್ ಮೊಳೆ ಕೆಳಕ್ಕೆ 6 ಮಿ.ಮೀ. ಚಾಚಿಕೊಳ್ಳುವಂತೆ ಮಾಡಿ, ಮರದಲ್ಲಿ ಅದಕ್ಕೆ ತೂತು ಕೊರೆದು, ತೂತಿನ ಒಳಗೆ ವಾರ್ನಿಶ್ ಹಚ್ಚಿದೆ. ತಗಡು ಜಾರುವುದಿಲ್ಲ, ಬೇಕೆಂದಾಗ ಎತ್ತಿ ಪಕ್ಕಕ್ಕಿಟ್ಟು ಒರೆಸಬಹುದು. ಒಂದು ತೂತನ್ನು ಎಳೆಗೆ ಅಡ್ಡ ದಿಕ್ಕಿನಲ್ಲಿ ತುಸು ಉದ್ದ ಮಾಡಿದ್ದೇನೆ, ಮಳೆಗಾಲ ಬೇಸಿಗೆಗೆ ಮರ ಅಗಲದಲ್ಲಿ ಹಿಗ್ಗಿ ಕುಗ್ಗುವುದಕ್ಕೆ.

ಅಂಚು: ಎಡ ಬಲ ಅಂಚುಗಳನ್ನು 8 ಮಿ.ಮೀ. ಕೆಳಕ್ಕೆ ಬಗ್ಗಿಸಿದರೆ ತಗಡು ಗಟ್ಟಿಯಾಗುತ್ತದೆ, ಕೈಯೂ ಕೊಯ್ಯದು. ಮುಂದೆ ಹಿಂದೆ ಅಂಚನ್ನು ಪೂರ್ತಿ ಮಡಚಿ ಚಪ್ಪಟೆ ಮಾಡಿಸಿದೆ, ಗಾಳಿಗೆ ಬಾಯಿ ತೆರೆದಿರಲೆಂದು. ಮೊದಲು ಎರಡು ಕಬ್ಬಿಣದ ಆಂಗಲ್‌ಗಳ ನಡುವೆ ಹಿಡಿದು ಕೊಡತಿಯಲ್ಲಿ ಬಡಿದು ನಾನೇ ಬಗ್ಗಿಸಲು ನೋಡಿದೆ. ಅಂಚು ಅಲೆ ಅಲೆಯಾಯಿತು. ಬಗ್ಗಿಸುವ ಯಂತ್ರ ಇರುವಲ್ಲಿಗೆ ಹೊಸ ತುಂಡು ಒಯ್ದು ಮಾಡಿಸಿದೆ. ಒಟ್ಟು ಖರ್ಚಿನಲ್ಲಿ ತಗಡು ಮತ್ತು ಬಗ್ಗಿಸುವ ಕೂಲಿ ಸೇರಿ ಅರ್ಧಕ್ಕಿಂತ ಹೆಚ್ಚು. ಅಂಟು, ಟೇಪ್, ವಾಷರ್ ಎಲ್ಲ ಚಿಲ್ಲರೆ.

ಕೊನೆಗೆ ಕಠಿಣ ಪರೀಕ್ಷೆ: ಬರಿದೇ ಕಾಯಿಸಿದ ದಪ್ಪ ಕಬ್ಬಿಣದ ಬಾಣಲೆ, ತಳ 220 ಡಿಗ್ರಿ. ತಗಡಿನ ಮೇಲೆ ನೇರ ಇಟ್ಟಾಗ ಕೆಳಗಿನ ಮರ 64ಕ್ಕೆ ಹೋಯಿತು. ಮಿತಿ ಮೀರಿತು. ತಗಡಿನ ಮೇಲೆ 20 ಮಿ.ಮೀ. ಎತ್ತರದ ತಂತಿ ಸ್ಟ್ಯಾಂಡ್ ಇಟ್ಟು ಅದರ ಮೇಲೆ ಬಾಣಲೆ ಇಟ್ಟಾಗ 49. ಎರಡು ಗಾಳಿ ಪದರ. ಹಾಗಾಗಿ ನೀರಿರುವ ಪಾತ್ರೆಗೆ ತಗಡು, ಒಣ ಕಬ್ಬಿಣಕ್ಕೆ ತಗಡು ಮತ್ತು ಸ್ಟ್ಯಾಂಡ್ ಎಂಬುದು ಈಗಿನ ನಿಯಮ. ನೀರಿರುವ ಪಾತ್ರೆಯ ತಳ 100 ಡಿಗ್ರಿಯ ಹತ್ತಿರವೇ ನಿಲ್ಲುತ್ತದೆ, ಒಣ ಕಬ್ಬಿಣಕ್ಕೆ ಅಂಥ ಮಿತಿ ಇಲ್ಲ.

ಬೇಡವೆಂದು ಬಿಟ್ಟದ್ದು ಮೂರು. ಕಟ್ಟೆಯಲ್ಲಿ ಉದ್ದನೆಯ ತೋಡು ಕೊರೆದು ಸ್ಟೀಲ್ ಸರಳುಗಳನ್ನು ಅರ್ಧ ಹೂತು ಕೂರಿಸುವ ಪದ್ಧತಿ ಇದೆ, ನೋಡಲು ಬಹಳ ಚೆಂದ. ಆದರೆ ಸರಳು ಮರದಿಂದ ಮೂರ್ನಾಲ್ಕು ಮಿ.ಮೀ. ಮಾತ್ರ ಮೇಲಿರುತ್ತದೆ, ಜೊತೆಗೆ ಬಿಸಿಯನ್ನು ಮರದೊಳಕ್ಕೇ ಇಳಿಸುತ್ತದೆ. ಎರಡನೆಯದು, ಬೆಂಕಿ ತಾಗಿದಾಗ ಉಬ್ಬಿ ನೊರೆಯಾಗುವ ಬೆಂಕಿನಿರೋಧಕ ಬಣ್ಣ. ತೊಲೆ, ಬಾಗಿಲಿಗೆ ಒಳ್ಳೆಯದು. ಅದು ಉಬ್ಬುವಷ್ಟು ಬಿಸಿಯಾಗುವ ಹೊತ್ತಿಗೆ ಕಟ್ಟೆಯ ಪಾಲಿಶ್, ಅಂಟು ಎಲ್ಲ ಕತೆ ಮುಗಿದಿರುತ್ತದೆ, ಊಟದ ಸಾಮಾನು ತಾಗುವ ಜಾಗಕ್ಕೆ ಹೊಂದುವಂಥದ್ದೂ ಅಲ್ಲ. ಹಳೆಯ ಬೂದು ಸಿಮೆಂಟ್ ಶೀಟಿನ ತುಂಡೊಂದು ಮೂಲೆಯಲ್ಲಿತ್ತು, ತಗಡಿನಡಿ ಹಾಸಬಹುದೆಂಬ ಸಲಹೆಯೂ ಬಂತು. ಹಳೆಯ ಶೀಟುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಕತ್ತರಿಸುವ ಮಾತೇ ಇಲ್ಲ, ಮುಟ್ಟಲಿಲ್ಲ.

ಹಂತ 7: ಮೇಲಿನ ಎಣ್ಣೆ

ಕೆರೆದ ಭಾಗಕ್ಕೆ ಮತ್ತೆ ಪದರ ಕಟ್ಟುವ ವಾರ್ನಿಶ್ ಬೇಡವೆಂದು ತೀರ್ಮಾನಿಸಿದೆ. ಗುಳ್ಳೆ ಎದ್ದರೆ ಇಡೀ ಭಾಗ ಕೆರೆಯಬೇಕು. ಮರ ಹೀರಿಕೊಳ್ಳುವ ಎಣ್ಣೆಯಾದರೆ ಕಲೆಯಾದಷ್ಟು ಜಾಗ ಉಜ್ಜಿ ಮತ್ತೆ ಹಚ್ಚಿದರೆ ಸಾಕು. ಬೇರೇನೂ ಬೆರೆಸದ ಶುದ್ಧ ಟಂಗ್ ಎಣ್ಣೆ, ಅಂದರೆ ಟಂಗ್ ಮರದ ಬೀಜದ ಎಣ್ಣೆ ತಂದೆ. ಮೊದಲ ಕೋಟು ಧಾರಾಳ, 40 ನಿಮಿಷ ಬಿಟ್ಟು ಹೀರದೆ ಉಳಿದದ್ದನ್ನು ಪೂರ್ತಿ ಒರೆಸಿದೆ. ಒರೆಸದೆ ಬಿಟ್ಟ ಒಂದು ಮೂಲೆ ಇನ್ನೂ ಅಂಟುತ್ತಿತ್ತು, ಮತ್ತೆ ಉಜ್ಜಬೇಕಾಯಿತು. ಕೋಟಿನ ನಡುವೆ ಕೈಗೆ ಒಣಗಿದಂತೆ ಅನಿಸುವವರೆಗೆ ಕಾಯಬೇಕು, ಅವಸರಕ್ಕೆ ಬಗ್ಗುವ ಎಣ್ಣೆಯಲ್ಲ ಅದು.

ಒರೆಸಿದ ಬಟ್ಟೆ! ಟಂಗ್, ಅಗಸೆ ಮುಂತಾದ ಒಣಗುವ ಎಣ್ಣೆಗಳು ಗಾಳಿಯ ಆಮ್ಲಜನಕ ಹೀರುತ್ತ ಬಿಸಿ ಹುಟ್ಟಿಸುತ್ತವೆ. ಬಟ್ಟೆಯನ್ನು ಮುದ್ದೆ ಮಾಡಿ ಬುಟ್ಟಿಗೆ ಎಸೆದರೆ ಬಿಸಿ ಹೊರಹೋಗಲಾರದೆ, ಬೆಂಕಿ ಕಡ್ಡಿ ಗೀರದೆಯೇ ತಾನಾಗಿ ಹೊತ್ತಿಕೊಳ್ಳುತ್ತದೆ. ಕಟ್ಟೆಯನ್ನು ಬೆಂಕಿಯಿಂದ ಉಳಿಸಲು ಹೊರಟವರು ಮನೆಯನ್ನೇ ಸುಟ್ಟುಕೊಳ್ಳುವ ಹಂತ ಇದು. ಒಂದೊಂದು ಬಟ್ಟೆಯನ್ನೂ ಬಿಡಿಸಿ ಹೊರಗೆ ತಂತಿಯ ಮೇಲೆ ಒಂಟಿಯಾಗಿ ಹರವಿ, ಗರಿಗರಿಯಾಗಿ ಒಣಗಿದ ಮೇಲೆ ಎಸೆದೆ. ಹರವಲು ಜಾಗವಿಲ್ಲದವರು ನೀರು ತುಂಬಿದ ಲೋಹದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕಿಡಬಹುದು. ಮಿನರಲ್ ಆಯಿಲ್ ಒಣಗುವ ಎಣ್ಣೆಯಲ್ಲ, ಅದಕ್ಕೆ ಈ ಗುಣವಿಲ್ಲ. ಆದರೆ ಅದು ಬಿಸಿ ಪಾತ್ರೆಯಡಿ ಬೇಗ ಮಾಯವಾಗುತ್ತದೆ, ಪದೇ ಪದೇ ಹಚ್ಚಬೇಕು.

ಹಂತ 8: ಒಲೆಯ ಸುತ್ತ

ಅಂಚು ದಾಟುವ ದೊಡ್ಡ ಪಾತ್ರೆಗಳು ಇನ್ನು ಮುಂದಿನ ಬರ್ನರಿಗೆ, ಹಿಂದಿನದಕ್ಕೆ ಸಣ್ಣವು. ಬಾಣಲೆಯಷ್ಟೇ ಅಗಲದ, ಚಪ್ಪಟೆಯಾದ ಲೋಹದ ಮುಚ್ಚಳವೊಂದು ಒಲೆಯ ಪಕ್ಕ ಯಾವಾಗಲೂ ಇರುತ್ತದೆ. ಎಣ್ಣೆ ಹೊತ್ತಿಕೊಂಡರೆ ಗ್ಯಾಸ್ ಬಂದ್, ಮುಚ್ಚಳ ಜಾರಿಸಿ ಮುಚ್ಚುವುದು, ತಣ್ಣಗಾಗುವವರೆಗೆ ತೆಗೆಯದಿರುವುದು. ನೀರು ಸುರಿಯುವುದೂ ಇಲ್ಲ, ಉರಿಯುವ ಬಾಣಲೆ ಹೊತ್ತು ಓಡುವುದೂ ಇಲ್ಲ, ಕೆಳಗಿನ ಮರ ಸುಟ್ಟರೆ ಸುಡಲಿ. ಬೆಂಕಿಗೆ ಹೊದಿಸುವ ಕಂಬಳಿಯನ್ನು ಮೊದಲು ಒಲೆಯ ಹಿಂದಿನ ಗೋಡೆಗೆ ನೇತುಹಾಕಿದ್ದೆ, ಉರಿಯ ಮೇಲಿಂದ ಕೈ ಚಾಚಿ ತೆಗೆಯಬೇಕಾದ ಜಾಗ. ಈಗ ಬಾಗಿಲ ಪಕ್ಕಕ್ಕೆ ಬಂದಿದೆ.

ಉಳಿದಿರುವುದು ಒಲೆಯ ಎಡಬದಿ. ಅಲ್ಲಿ ಗೋಡೆಗೂ ಒಲೆಗೂ ನಡುವೆ ಇರುವುದು 140 ಮಿ.ಮೀ. ಪಟ್ಟಿ, ಪಾತ್ರೆ ಇಳಿಸಲು ಸಾಲದು, ಆದರೆ ಬಾಣಲೆಯ ಹಿಡಿ ಆ ಕಡೆ ತಿರುಗಿದಾಗ ಅದರಡಿ ಮರ 57 ಡಿಗ್ರಿ ತೋರಿಸುತ್ತಿದೆ. ನಾನು ಬಡಿದು ಅಲೆ ಮಾಡಿದ್ದ ಮೊದಲ ತಗಡಿನಲ್ಲಿ ನೇರವಾಗಿ ಉಳಿದ ಭಾಗದಿಂದ 120 × 550 ಮಿ.ಮೀ. ಪಟ್ಟಿ ಸಿಗುತ್ತದೆ. ಅದಕ್ಕೆ ಮೂರು ಕೊಳವೆ ಸಾಕು, ವಾಷರ್ ಮಿಕ್ಕಿವೆ. ಅಂಚು ಮಡಚಲು ಕೊಟ್ಟು ಬಂದಿದ್ದೇನೆ.